ಸುಟ್ಟ ಕಡೆಗೆ ಬಾ

ಹೊಗೆ ಕಂಡಾಗ ಜೊವೆಲಿನಾಗೆ ಮೊದಲು ಹೆದರಿಕೆಯೇನೂ ಆಗಲಿಲ್ಲ. ಸೆಪ್ಟೆಂಬರಿನಲ್ಲಿ ಆ ಬಯಲಿನಲ್ಲಿ ಎಲ್ಲೋ ಒಂದು ಕಡೆ ಹೊಗೆ ಏಳದಿದ್ದರೆ ತಾನೇ ಅನುಮಾನ ಪಡಬೇಕು. ಬೋವಾ ಸೊಂಬ್ರಾ ಊರಿನ ಜನ ಬೆಂಕಿಯ ಜೊತೆಗೇ ಹುಟ್ಟಿ ಬೆಳೆದವರು. ಗಾಳಿಯ ವಾಸನೆ ನೋಡಿ ಯಾವ ಹುಲ್ಲು ಉರಿಯುತ್ತಿದೆ ಎಂದು ಹೇಳಬಲ್ಲವರು. ಜೊವೆಲಿನಾ ಅಂತೂ ಬೆಂಕಿಯನ್ನು ಮನೆಯ ಹಠಮಾರಿ ಆಕಳ ಹಾಗೆ ಬೈದುಕೊಂಡೇ ಐವತ್ತೆಂಟು ವರ್ಷ ಕಳೆದವಳು.

ಹೊಗೆ ಕಾಣುವ ಸ್ವಲ್ಪ ಹೊತ್ತಿನ ಮುಂಚೆ ಅವಳು ಒಂದು ಗುಂಡಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು. ಗುಂಡಿಯೊಳಗೆ ಲಿಜಿಯಾ ಮಂಡಿಯೂರಿ ಬೇರು ಕೆರೆಯುತ್ತಿದ್ದಳು. ರಾಜಧಾನಿ ಬ್ರೆಸಿಲಿಯಾದಿಂದ ವರ್ಷಕ್ಕೊಮ್ಮೆ ಬರುವ ಈ ಹೆಂಗಸಿಗೆ ದಾರಿ ತೋರಿಸುವುದು, ಅನ್ನ ಬೇಯಿಸುವುದು, ಮಧ್ಯೆ ಮಧ್ಯೆ ಕಾಲೆಳೆಯುವುದು ಜೊವೆಲಿನಾಳ ಕೆಲಸ. ಲಿಜಿಯಾಳ ಕೆಲಸ ಇನ್ನೂ ವಿಚಿತ್ರ. ಬಯಲಿನ ಗಿಡಗಳನ್ನು ಬೇರುಸಮೇತ ಅಗೆದು, ಒಣಗಿಸಿ, ತೂಗಿ, ಅವು ನೆಲದೊಳಗೆ ಎಷ್ಟು ಇಂಗಾಲ ಬಚ್ಚಿಟ್ಟುಕೊಂಡಿವೆ ಎಂದು ನೋಡುವುದು. ಮೇಲೆ ಮೊಣಕಾಲೆತ್ತರದ ಪೊದೆ. ಕೆಳಗೆ ತೊಡೆಯಷ್ಟು ದಪ್ಪದ ಬೇರು, ಅದರಿಂದ ಇನ್ನೊಂದು, ಮಗದೊಂದು. ಮೂರು ಪೊದೆ ಎಂದುಕೊಂಡದ್ದು ಕೆಳಗೆ ಹೋಗಿ ನೋಡಿದರೆ ಒಂದೇ ಮರ. ತಲೆ ಮಾತ್ರ ಹೊರಗೆ, ಮೈಯೆಲ್ಲ ಮಣ್ಣೊಳಗೆ.

ಸತ್ತವರಿಗೆ ಗುಂಡಿ ತೋಡುವವರನ್ನು ಕಂಡಿದ್ದೇನೆ, ಬದುಕಿರುವ ಗಿಡಕ್ಕೆ ತೋಡುವವಳು ನೀನೊಬ್ಬಳೇ ಎಂದು ಜೊವೆಲಿನಾ ಛೇಡಿಸಿದಳು. ಗಾಳಿಯಿಂದ ಎಳೆದುಕೊಂಡದ್ದನ್ನು ಈ ಗಿಡಗಳು ಬೆಂಕಿಯ ಕೈಗೆ ಸಿಗದ ಹಾಗೆ ಕೆಳಗೆ ಕೂಡಿಡುತ್ತವೆ, ಈ ಬಯಲಿನ ಆಸ್ತಿಯೆಲ್ಲ ನೆಲದಡಿ ಇದೆ ಎಂದು ಲಿಜಿಯಾ ವಿವರಿಸಿದಳು. ಅದರಲ್ಲಿ ಹೊಸದೇನಿದೆ? ಮೇಲೆ ಬೂದಿಯಾದ ಪೊದೆ ಮಳೆಗೂ ಕಾಯದೆ ಕೆಂಪು ಚಿಗುರು ಬಿಡುವುದನ್ನು ಜೊವೆಲಿನಾ ಹುಟ್ಟಿದಾಗಿನಿಂದ ಕಂಡಿದ್ದಳು. ಈ ಊರಿನವರ ಬಾಳೂ ಹಾಗೇ ಎಂದು ಅವಳಿಗೆ ಒಳಗೊಳಗೇ ಹೆಮ್ಮೆ.

ಗುಂಡಿಯ ಕೆಲಸ ಮುಗಿಸಿ ಇಬ್ಬರೂ ಇಳಿಜಾರಿನ ಕೆಳಗಿದ್ದ ಜೌಗಿಗೆ ಹೋದರು. ಬುರಿಟಿ ತಾಳೆಗಳ ಸಾಲು, ಅದರ ಸುತ್ತ ಹುಲ್ಲು, ಹುಲ್ಲಿನಡಿ ಕಪ್ಪು ಮಣ್ಣು. ಲಿಜಿಯಾ ಉದ್ದನೆಯ ಕಬ್ಬಿಣದ ಕೊಳವೆಯನ್ನು ಮಣ್ಣಿಗೆ ತಿರುಗಿಸಿ ಇಳಿಸಿದಳು. ಹಿಂದಿನ ಸಲ ಕೊಳವೆ ಮೇಲೆ ಬಂದಾಗ ನೀರು ಸುರಿದು ಅವಳ ಷರಾಯಿಯೆಲ್ಲ ತೊಯ್ದಿತ್ತು. ಜೊವೆಲಿನಾ ಹೊಟ್ಟೆ ಹಿಡಿದು ನಕ್ಕಿದ್ದಳು. ಈ ಸಲ ಬಂದದ್ದು ಕಾಫಿಪುಡಿಯಂಥ ಒಣ ಮಣ್ಣು. ಇನ್ನೂ ಆಳಕ್ಕೆ ಇಳಿಸಿದಳು. ಮತ್ತೂ ಪುಡಿಯೇ.

ಮೇಲಿನ ಪ್ರಸ್ಥಭೂಮಿಯಲ್ಲಿ ಸೋಯಾ ಬೆಳೆಯುವವರು ಕೊಳವೆಬಾವಿ ಕೊರೆಸಿ ವರ್ಷಗಳಾಗಿದ್ದವು. ಕೆಳಗಿನ ಜೌಗಿನ ನೀರು ಎಲ್ಲಿಗೆ ಹೋಯಿತು ಎಂದು ಯಾರೂ ಕೇಳಬೇಕಾಗಿರಲಿಲ್ಲ. ಲಿಜಿಯಾ ಒಂದು ಹಿಡಿ ಮಣ್ಣನ್ನು ತಗಡಿನ ತಟ್ಟೆಗೆ ಹಾಕಿ ಕಡ್ಡಿ ಗೀರಿ ತಾಗಿಸಿದಳು. ಜ್ವಾಲೆ ಏಳಲಿಲ್ಲ. ಮೂಲೆಯಲ್ಲಿ ಕೆಂಪು ಚುಕ್ಕೆಯೊಂದು ಕಂಡಿತು, ಅಷ್ಟೆ. ಅದು ನಿಧಾನಕ್ಕೆ ಒಳಗೆ ಸರಿಯಿತು. ಮೇಲೆ ನೀರು ಚೆಲ್ಲಿದರೆ ಆರಿದ ಹಾಗೆ ನಟಿಸಿ ಇನ್ನೊಂದು ಕಡೆಯಿಂದ ಕೆಂಪಗೆ ಕಣ್ಣು ಬಿಟ್ಟಿತು.

"ಇದೆಲ್ಲ ಸಾವಿರಾರು ವರ್ಷದ ಹುಲ್ಲು, ಬೇರು ಕಣಮ್ಮ" ಎಂದಳು ಲಿಜಿಯಾ. "ನೀರಲ್ಲಿ ಮುಳುಗಿತ್ತು, ಅದಕ್ಕೆ ಕೊಳೀದೆ ಉಳೀತು. ನೀರು ಹೋದ್ಮೇಲೆ ಇದು ನೆಲ ಅಲ್ಲ, ಸೌದೆ. ಒಂದು ಸಲ ಹತ್ಕೊಂಡ್ರೆ ಮೇಲೆ ಏನೂ ಕಾಣಲ್ಲ, ಒಳಗೇ ಉರಿಯುತ್ತೆ. ಆಚೆ ತಾಲೂಕಲ್ಲಿ ಒಂದು ಹಸು ನಡ್ಕೊಂಡು ಹೋಗ್ತಿದ್ದದ್ದು ಹಾಗೇ ಒಳಗೆ ಬಿದ್ದುಹೋಯ್ತಂತೆ."

ಹೊಗೆ ಕಂಡದ್ದು ಆಗಲೇ. ಬಡಗಣ ದಿಕ್ಕಿನಲ್ಲಿ, ಉದ್ದ ಜೌಗು ಎಂದು ಕರೆಯುವ ಕಡೆ. ಅಲ್ಲಿ ಜೊವೆಲಿನಾಳ ಮಗಳು ಎಡಿನೇಯಾ ಹೊನ್ನ ಹುಲ್ಲು ಕೊಯ್ಯಲು ಹುಲ್ಲಿನ ಗುಡಿಸಲು ಹಾಕಿಕೊಂಡಿದ್ದಳು. ಆ ಮಿರಿಮಿರಿ ಹುಲ್ಲಿನಿಂದಲೇ ಊರಿನ ಹೆಂಗಸರು ಬುಟ್ಟಿ ಹೆಣೆದು ಬದುಕುವುದು. ಕೊಯ್ಲಿನ ದಿನಗಳಲ್ಲಿ ಎಲ್ಲರೂ ತಂತಮ್ಮ ಜೌಗಿನ ಬಳಿ ಬಿಡಾರ ಹೂಡುವುದು ವಾಡಿಕೆ. ಎಡಿನೇಯಾಳ ಜೊತೆ ಇದ್ದದ್ದು ಅವಳ ಎಳೆಗೂಸು ಮಾತ್ರ. ಗಂಡ ಮರಗೆಣಸಿನ ಹಿಟ್ಟು ತರಲು ಪೇಟೆಗೆ ಹೋಗಿದ್ದ.

ಲಿಜಿಯಾಳ ಮುಖ ಬಿಳಿಚಿಕೊಂಡಿತು. ಜೊವೆಲಿನಾ ಮಾತ್ರ ಅವಳಿಗೇ ಸಮಾಧಾನ ಹೇಳಿದಳು. ಏನೂ ಆಗುವುದಿಲ್ಲ, ನನ್ನ ಮಗಳಿಗೆ ಬೆಂಕಿ ಬಂದಾಗ ಏನು ಮಾಡಬೇಕು ಅಂತ ಗೊತ್ತು, ಮಾತು ಸರಿಯಾಗಿ ಬರುವ ಮೊದಲೇ ಕಲಿಸಿದ್ದೇನೆ ಎಂದಳು. ಗುಡ್ಡ ಹತ್ತಬೇಡ, ದಾರಿ ಹಿಡಿದು ಓಡಬೇಡ, ಜೌಗಿಗೆ ಓಡು. ಬುರಿಟಿಯ ಬುಡದಲ್ಲಿ ಕಾಲು ಒದ್ದೆಯಾಗುವ ಜಾಗ ನೋಡಿ ಕೂತುಕೋ. ನಾನು ಬರುವ ತನಕ ಏಳಬೇಡ. ಬೋವಾ ಸೊಂಬ್ರಾದಲ್ಲಿ ಇದನ್ನು ಕಲಿಯದ ಮಗುವಿಲ್ಲ. ಜೊವೆಲಿನಾಗೆ ಅವಳಮ್ಮ ಕಲಿಸಿದ್ದು, ಅವಳಿಗೆ ಅವಳಮ್ಮ. ಹುಡುಗಿಯಾಗಿದ್ದಾಗ ಜೊವೆಲಿನಾ ತಾನೇ ಕೊರಳ ತನಕ ನೀರಲ್ಲಿ ಕೂತು, ಬೆಂಕಿ ಜೌಗನ್ನು ಬಳಸಿ ಹೋಗುವುದನ್ನು ಹಬ್ಬ ನೋಡಿದ ಹಾಗೆ ನೋಡಿದ್ದಳು.

ಇಷ್ಟು ಹೇಳುವಾಗ ಅವಳ ಕಣ್ಣು ತಗಡಿನ ತಟ್ಟೆಯ ಮೇಲೆ ಬಿತ್ತು. ಕೆಂಪು ಚುಕ್ಕೆ ತಟ್ಟೆಯ ಈ ಅಂಚಿನಿಂದ ಆ ಅಂಚಿಗೆ ಬಂದಿತ್ತು. ಉದ್ದ ಜೌಗೂ ಹೀಗೇ ಒಣಗಿದ್ದರೆ? ಮಗಳು ಈಗ ಓಡುತ್ತಿರುತ್ತಾಳೆ, ಎಳೆಗೂಸನ್ನು ಎದೆಗವಚಿಕೊಂಡು, ತಾನು ಹೇಳಿಕೊಟ್ಟ ಕಡೆಗೇ ಓಡುತ್ತಿರುತ್ತಾಳೆ. ಬೇರೆ ಯಾವ ಮಾತನ್ನು ಮರೆತರೂ ಎಡಿನೇಯಾ ಇದೊಂದನ್ನು ಮರೆಯುವವಳಲ್ಲ.

ಇಬ್ಬರೂ ಲಿಜಿಯಾಳ ಜೀಪು ಹತ್ತಿ ಉದ್ದ ಜೌಗಿನ ಕಡೆ ಹೊರಟರು. ದಾರಿ ಪೂರಾ ಮರಳು. ಚಕ್ರ ಹೂತುಕೊಂಡಾಗಲೆಲ್ಲ ಜೊವೆಲಿನಾಳ ಜೀವ ಬಾಯಿಗೆ ಬರುತ್ತಿತ್ತು. ಅವಳು ಯಾವ ಸಂತನನ್ನೂ ಬಿಡದೆ ಕರೆದಳು. ಕರೆದ ಮರುಕ್ಷಣವೇ ಅವರನ್ನೆಲ್ಲ ಬೈದಳು. ಮಗಳು ಎಲ್ಲಾದರೂ ಸೋಮಾರಿತನ ಮಾಡಿರಲಿ, ಎಲ್ಲಾದರೂ ಎದುರು ಮಾತಾಡಿರಲಿ, ಹದಿನಾರರ ವಯಸ್ಸಿನಲ್ಲಿ ಹೇಳಿದ್ದಕ್ಕೆಲ್ಲ ಇಲ್ಲ ಅನ್ನುತ್ತಿದ್ದ ಹಾಗೆ ಇವತ್ತೂ ಒಂದು ಸಲ ಇಲ್ಲ ಅಂದಿರಲಿ ಎಂದು ಬೇಡಿಕೊಂಡಳು. ಮಕ್ಕಳು ಮಾತು ಕೇಳದಿರಲಿ ಎಂದು ಬೇಡಿಕೊಂಡ ತಾಯಿ ಆ ಸೀಮೆಯಲ್ಲಿ ಅವಳೊಬ್ಬಳೇ ಇರಬೇಕು.

ಕೊನೆಯ ಏರಿನಲ್ಲಿ ಜೀಪು ಮರಳಿನಲ್ಲಿ ಕೂತೇಬಿಟ್ಟಿತು. ಚಕ್ರದಡಿ ಸೊಪ್ಪು ಹಾಕೋಣ, ಒಬ್ಬಳೇ ಹೋಗಬೇಡ ಎಂದು ಲಿಜಿಯಾ ಗೋಗರೆದಳು. ಜೊವೆಲಿನಾ ಆಗಲೇ ಇಳಿದು ಓಡುತ್ತಿದ್ದಳು. ಹೊಗೆ ನೆಲದಿಂದ ಎದ್ದಲ್ಲಿಗೆ ಕಾಲಿಡಬೇಡ ಎಂದು ಹಿಂದಿನಿಂದ ಲಿಜಿಯಾ ಕೂಗಿದ್ದು ಅವಳ ಕಿವಿಗೆ ಬಿತ್ತು.

ಏರು ಹತ್ತಿ ನೋಡಿದರೆ ಬೆಂಕಿ ಆ ಕಡೆಯ ಇಳಿಜಾರನ್ನು ಮುಗಿಸಿ ಮುಂದಕ್ಕೆ ಹೋಗಿತ್ತು. ಬಯಲೆಲ್ಲ ಕಪ್ಪು. ಅಲ್ಲಲ್ಲಿ ಹುಲ್ಲಿನ ಬುಡ ಇನ್ನೂ ಚಿಟಪಟ ಅನ್ನುತ್ತಿತ್ತು. ಗುಡಿಸಲು ಇದ್ದ ಜಾಗದಲ್ಲಿ ನಾಲ್ಕು ಮೋಟು ಕಂಬ. ಕೊಯ್ದಿಟ್ಟ ಹುಲ್ಲಿನ ಕಂತೆಗಳಿದ್ದಲ್ಲಿ ಬಿಳಿ ಬೂದಿ. ಜೊವೆಲಿನಾ ಅದರ ಪಕ್ಕದಲ್ಲೇ ಎದ್ದೆನೋ ಬಿದ್ದೆನೋ ಎಂದು ಕೆಳಗೆ ಓಡಿದಳು. ಗುಡಿಸಲಿನ ಬೂದಿಯ ಕಡೆ ನೋಡಲು ಅವಳಿಗೆ ಧೈರ್ಯವಾಗಲಿಲ್ಲ.

ಕಪ್ಪು ಬಯಲಿನ ನಡುವೆ ಜೌಗು ಮಾತ್ರ ಹಸಿರಾಗಿ ನಿಂತಿತ್ತು. ಬುರಿಟಿಗಳ ಗರಿ ಕೂಡ ಬಾಡಿರಲಿಲ್ಲ. ಆ ಮರಗಳ ನಡುವೆ, ಚಾಪೆ ಹಾಸಿಕೊಂಡು, ಮಗುವಿಗೆ ಹಾಲೂಡಿಸುತ್ತ ಎಡಿನೇಯಾ ಕೂತಿದ್ದಳು. ಅಮ್ಮನನ್ನು ಕಂಡು ನಗುತ್ತ ಕೈ ಬೀಸಿದಳು.

ಜೊವೆಲಿನಾಳ ಬಾಯಿಂದ ಅಳು ನಗು ಎರಡೂ ಒಟ್ಟಿಗೇ ಬಂದವು. ತಾನು ಯಾತಕ್ಕೆ ಓಡಿ ಬಂದೆ ಎನ್ನುವುದೇ ಮರೆತು, ಅಂಚಿನ ಸುಟ್ಟ ಪಟ್ಟಿಯನ್ನು ತುಳಿದು ನಾಲ್ಕೈದು ಹೆಜ್ಜೆ ಒಳಗೆ ಹೋದಳು. ಆಗ ಚಪ್ಪಲಿಯ ಅಡಿಯಿಂದ ಬಿಸಿ ಮೇಲೇರಿತು. ಸುಟ್ಟ ಹುಲ್ಲಿನ ಬಿಸಿಯಲ್ಲ ಅದು. ಆ ಬಿಸಿ ಅವಳಿಗೆ ಗೊತ್ತು. ಇದು ಕೆಳಗಿನಿಂದ ಬರುತ್ತಿತ್ತು. ನೋಡಿದರೆ ಎಡಕ್ಕೂ ಬಲಕ್ಕೂ ನೆಲದಿಂದ ಅನ್ನದ ಮಡಕೆಯ ಆವಿಯ ಹಾಗೆ ತೆಳ್ಳಗೆ ಬಿಳಿ ಹೊಗೆ ಏಳುತ್ತಿತ್ತು. ಒಂದು ಕಡೆಯಲ್ಲ, ಜೌಗಿನ ಅಂಚಿನುದ್ದಕ್ಕೂ. ಅವಳು ಉಸಿರು ಬಿಗಿಹಿಡಿದು, ಬಂದ ಹೆಜ್ಜೆಯ ಮೇಲೇ ಹೆಜ್ಜೆಯಿಟ್ಟು ಹಿಂದಕ್ಕೆ ಮರಳು ನೆಲಕ್ಕೆ ಬಂದಳು. ಕೈಗೆ ಸಿಕ್ಕ ಕಲ್ಲೊಂದನ್ನು ಎತ್ತಿ ಹೊಗೆಯಾಡುವ ಜಾಗಕ್ಕೆ ಎಸೆದಳು. ಕಲ್ಲು ಬಿದ್ದ ಸದ್ದೇ ಬರಲಿಲ್ಲ. ಅದು ಒಳಗೆ ಹೋಯಿತು, ಕಿಡಿಗಳು ಹೊರಗೆ ಬಂದವು.

ಎಡಿನೇಯಾ ಅಲ್ಲಿಂದಲೇ ಉತ್ಸಾಹದಿಂದ ಹೇಳುತ್ತಿದ್ದಳು. ಬೆಂಕಿ ಹತ್ತಿರ ಬಂತಂತೆ, ಅಮ್ಮ ಹೇಳಿದ್ದ ಹಾಗೇ ಬಳಸಿಕೊಂಡು ಹೋಯಿತಂತೆ, ಮಗು ಅಳಲೂ ಇಲ್ಲವಂತೆ. ಕಾಲು ಒದ್ದೆಯಾಗುವ ಜಾಗ ಮಾತ್ರ ಎಲ್ಲೂ ಸಿಗಲಿಲ್ಲವಂತೆ.

"ಎಡಿ, ಅಲ್ಲೇ ಇರು. ಒಂದು ಹೆಜ್ಜೆನೂ ಇಡಬೇಡ" ಎಂದಳು ಜೊವೆಲಿನಾ. ಕೂಗಲು ಹೆದರಿಕೆ, ಕೂಗಿದರೆ ನೆಲ ಕುಸಿದೀತು ಎಂಬ ಹುಚ್ಚು ಭಯ.

"ಯಾಕಮ್ಮ, ನೀನೇ ಬಾ ಇಲ್ಲಿಗೆ. ನೆಲ ಬೆಚ್ಚಗಿದೆ, ಹಿತವಾಗಿದೆ. ಬಿಸಿಲಿಗಿರಬೇಕು." ಹೀಗೆ ಹೇಳುತ್ತ ಎಡಿನೇಯಾ ಮಗುವನ್ನು ಚಾಪೆಯ ಮೇಲೆ ಮಲಗಿಸಲು ಬಗ್ಗಿದಳು.

"ಮಗೂನ ಕೆಳಗಿಡಬೇಡ." ಈ ಸಲ ದನಿ ತಾನಾಗಿ ಸೀಳಿ ಬಂತು. "ಎತ್ಕೋ. ಬೆನ್ನಿಗೆ ಕಟ್ಕೋ. ನಿನ್ನ ಕೆಳಗೆ ಬೆಂಕಿ ಇದೆ ಕಣೇ, ಮಣ್ಣೊಳಗೆ."

ಎಡಿನೇಯಾ ಸುತ್ತ ನೋಡಿದಳು. ಹಸಿರು ಹುಲ್ಲು, ನೆರಳು, ಬುರಿಟಿಯಲ್ಲಿ ಕೂತ ಗಿಳಿಗಳು. ಅಮ್ಮನಿಗೆ ಗಾಬರಿಯಲ್ಲಿ ತಲೆ ಕೆಟ್ಟಿರಬೇಕು ಎನ್ನುವುದು ಅವಳ ಮುಖದಲ್ಲೇ ಕಾಣುತ್ತಿತ್ತು. ಬೆಂಕಿ ಬಂದರೆ ಜೌಗಿಗೆ ಹೋಗು ಎಂದವಳು ನೀನು, ಈಗ ಎಲ್ಲಿಗೆ ಬಾ ಅನ್ನುತ್ತೀ ಎಂದು ಕೇಳಿದಳು.

ಆ ಮಾತಿಗೆ ಉತ್ತರ ಕೊಡುವುದು ಜೊವೆಲಿನಾಗೆ ಆ ಇಳಿಜಾರನ್ನು ಓಡಿ ಇಳಿದದ್ದಕ್ಕಿಂತ ಕಷ್ಟವಾಯಿತು. ಇದೊಂದು ಮಾತು ಹೋದರೆ ತಾನು ಮಗಳಿಗೆ ಕೊಟ್ಟದ್ದರಲ್ಲಿ ಇನ್ನೇನು ಉಳಿಯುತ್ತದೆ ಎಂದು ಅವಳಿಗೆ ತಿಳಿಯಲಿಲ್ಲ.

"ನಾನು ಹೇಳಿದ್ದು ತಪ್ಪು ಕಣೇ" ಎಂದಳು. "ಸುಟ್ಟ ಕಡೆಗೆ ಬಾ."

ಎಡಿನೇಯಾಳ ನಗು ಆರಿತು. ಅವಳು ಬಗ್ಗಿ, ಚಾಪೆ ಸರಿಸಿ, ಅಂಗೈಯನ್ನು ನೆಲಕ್ಕೆ ಒತ್ತಿದಳು. ಸ್ವಲ್ಪ ಹೊತ್ತು ಹಾಗೇ ಒತ್ತಿ ಹಿಡಿದಳು. ಆಮೇಲೆ ಮಗುವನ್ನು ಸೀರೆಯಂಥ ಉದ್ದ ಬಟ್ಟೆಯಲ್ಲಿ ಸುತ್ತಿ ಬೆನ್ನಿಗೆ ಬಿಗಿದುಕೊಂಡಳು. ಗಂಟನ್ನು ಎರಡು ಸಲ ಜಗ್ಗಿ ನೋಡಿದಳು.

ದಾರಿ ಯಾವುದು? ಬುರಿಟಿಗಳಿಗೂ ಮರಳು ಅಂಚಿಗೂ ನಡುವೆ ಹುಲ್ಲಿನ ಮೇಲೆ ಅಲ್ಲಲ್ಲಿ ದುಂಡನೆಯ ಮಣ್ಣುದಿಬ್ಬಗಳಿದ್ದವು. ಆ ಜೌಗುಗಳಲ್ಲೆಲ್ಲ ಇರುತ್ತವೆ; ಹೊಸ ರೊಟ್ಟಿಯ ಹಾಗೆ ಉಬ್ಬಿರುತ್ತವೆ, ಗೆದ್ದಲು ಮನೆ ಮಾಡಿರುತ್ತದೆ. ಮಕ್ಕಳಾಗಿದ್ದಾಗ ಅವುಗಳ ಮೇಲೆ ನೆಗೆದಾಡುವುದು ಬಿಟ್ಟರೆ ಅವುಗಳಿಂದ ಏನು ಉಪಯೋಗ ಎಂದು ಜೊವೆಲಿನಾ ಯೋಚಿಸಿದವಳಲ್ಲ. ಈಗ ನೋಡಿದರೆ ಪ್ರತಿ ದಿಬ್ಬದ ಮೇಲೂ ಅದೇ ಮೊಣಕಾಲೆತ್ತರದ ಪೊದೆ. ನೀರು ನಿಲ್ಲುವ ಕಪ್ಪು ಮಣ್ಣಿನಲ್ಲಿ ಬದುಕದ ಪೊದೆ. ಅದು ಇದ್ದಲ್ಲಿ ಕೆಂಪು ಮಣ್ಣು. ಕೆಂಪು ಮಣ್ಣಿನಲ್ಲಿ ತೊಡೆಯಷ್ಟು ದಪ್ಪದ ಹಸಿ ಬೇರು. ಆ ಮಣ್ಣು ಉರಿಯುವ ಜಾತಿಯದಲ್ಲ.

ಪೊದೆ ಇರುವ ದಿಬ್ಬ ಹಿಡಿದು ಬಾ, ಮಧ್ಯದ ಹುಲ್ಲಿಗೆ ನೇರ ಕಾಲಿಡಬೇಡ, ಏನಾದರೂ ಹಾಸಿಕೊಂಡು ದಾಟು ಎಂದು ಅವಳು ಹೇಳಿಕೊಟ್ಟಳು. ಬಿದ್ದಿದ್ದ ಬುರಿಟಿಯ ದಂಟುಗಳನ್ನು ಎಡಿನೇಯಾ ಆಯ್ದುಕೊಂಡಳು. ಹಗುರವಾದ, ಆಳುದ್ದದ ದಂಟುಗಳು, ಊರಿನವರು ತೆಪ್ಪ ಕಟ್ಟುವುದು ಅದರಿಂದಲೇ. ಒಂದಿಷ್ಟನ್ನು ಚಾಪೆಯಲ್ಲಿ ಸುತ್ತಿ ಕಟ್ಟಿದಳು. ಒಂದನ್ನು ಕೋಲಿನ ಹಾಗೆ ಕೈಯಲ್ಲಿ ಹಿಡಿದಳು. ಮೊದಲ ದಿಬ್ಬಕ್ಕೆ ಚಾಪೆಯ ಕಟ್ಟನ್ನು ಅಡ್ಡ ಹಾಸಿ ದಾಟಿದಳು. ನೆಲ ಕದಲಲಿಲ್ಲ. ಕಟ್ಟನ್ನು ತನ್ನತ್ತ ಎಳೆದುಕೊಂಡು ಎರಡನೆಯ ದಿಬ್ಬದ ಕಡೆಗೆ ಹುಲ್ಲಿನ ಮೇಲೆ ಹಾಸಿದಳು.

ಅಲ್ಲಿ ಹುಲ್ಲು ಹಸಿರಾಗಿಯೇ ಇತ್ತು. ಹೊಗೆಯೂ ಇರಲಿಲ್ಲ. ಅವಳು ನಡುವಿಗೆ ಬಂದಾಗ ಕಟ್ಟು ಒಂದು ಬದಿಗೆ ವಾಲಿತು, ಎಡಗಾಲು ಜಾರಿ ಹುಲ್ಲಿನ ಮೇಲೆ ಬಿತ್ತು, ಹುಲ್ಲು ಬಾಗಿಲಿನಂತೆ ಒಳಕ್ಕೆ ತೆರೆದುಕೊಂಡಿತು. ಮಂಡಿಯ ತನಕ ಕಾಲು ಕಾಣಿಸಲಿಲ್ಲ. ಜೊವೆಲಿನಾ ಕಣ್ಣು ಮುಚ್ಚಿದಳು. ಅವಳಿಂದ ನೋಡಲಾಗಲಿಲ್ಲ, ನೋಡದೆ ಇರಲೂ ಆಗಲಿಲ್ಲ. ಕಣ್ಣು ಬಿಟ್ಟಾಗ ಎಡಿನೇಯಾ ಕೈಯ ದಂಟನ್ನು ದಿಬ್ಬದ ಮೇಲಕ್ಕೆಸೆದು, ಎರಡೂ ಕೈಯಿಂದ ಅಲ್ಲಿನ ಪೊದೆಯನ್ನು ಹಿಡಿದು ಮೈಯನ್ನು ಮೇಲಕ್ಕೆ ಎಳೆದುಕೊಳ್ಳುತ್ತಿದ್ದಳು. ಮೊಣಕಾಲೆತ್ತರದ ಗಿಡ, ಬೆನ್ನಿಗೊಂದು ಮಗು ಕಟ್ಟಿಕೊಂಡ ಹೆಂಗಸಿನ ಭಾರಕ್ಕೂ ಅದು ಕಿತ್ತು ಬರಲಿಲ್ಲ. ಕಾಲು ಹೊರಗೆ ಬಂತು. ಚಪ್ಪಲಿ ಬರಲಿಲ್ಲ. ಎಡಿನೇಯಾ ಕಿರುಚಲಿಲ್ಲ, ಹಲ್ಲು ಕಚ್ಚಿ ಮಗು ನೆಟ್ಟಗಿದೆಯೇ ಎಂದು ಬೆನ್ನು ತಡವಿಕೊಂಡಳು.

ಅದೇ ಕೊನೆಯ ದಿಬ್ಬ. ಚಾಪೆಯ ಕಟ್ಟು ಹಿಂದೆ ಹೊಗೆಯಾಡುತ್ತಿತ್ತು. ಮುಂದೆ ಉಳಿದದ್ದು ಅಂಚಿನ ಸುಟ್ಟ ಪಟ್ಟಿ ಮಾತ್ರ. ಅದರಾಚೆ ಮರಳು, ಮರಳಿನ ಮೇಲೆ ಅಮ್ಮ. ಸುಟ್ಟ ಕಾಲು ಊರಲಾಗದೆ ಅವಳು ಒಂಟಿಕಾಲಲ್ಲಿ ತೂಗಾಡುತ್ತಿದ್ದಳು. ಬೀಳುತ್ತಾಳೆ, ಇನ್ನೇನು ಬಿದ್ದೇಬಿಡುತ್ತಾಳೆ ಎಂದು ಜೊವೆಲಿನಾ ದಾರಿಗಾಗಿ ನೆಲ ನೋಡಿದಳು. ಬೂದಿಯ ಮೇಲೆ ತಾನು ಹೋಗಿ ಬಂದ ಹೆಜ್ಜೆಗಳು ಮೂಡಿದ್ದವು. ಈಗ ತಾನೇ ತುಳಿದದ್ದು, ತನ್ನ ಭಾರ ತಡೆದದ್ದು.

"ಬಾ ಎಡಿ, ಬೇಗ ಬಾ. ನನ್ನ ಹೆಜ್ಜೆ ಮೇಲೇ ಕಾಲಿಡು. ಇಲ್ಲಿ ಗಟ್ಟಿಯಿದೆ, ನಾನೇ ನಡೆದಿದೀನಿ."

ಎಡಿನೇಯಾ ಕಾಲೆತ್ತಿದಳು. ಎತ್ತಿದ ಕಾಲನ್ನು ಹಾಗೇ ತಡೆದಳು. ಅಮ್ಮನ ಮುಖ ನೋಡಿದಳು. ಹಿಂದೆಂದೂ ಮಗಳು ತನ್ನನ್ನು ಹಾಗೆ ನೋಡಿದ್ದು ಜೊವೆಲಿನಾಗೆ ನೆನಪಿಲ್ಲ. ಸಂತೆಯಲ್ಲಿ ಗುರುತಿಲ್ಲದವರು ಮಾಲು ಮುಂದೆ ಚಾಚಿದಾಗ ನೋಡುವ ನೋಟ ಅದು. ಆಮೇಲೆ ಅವಳು ಕೈಯಲ್ಲಿದ್ದ ದಂಟನ್ನು ಮುಂದೆ ಚಾಚಿ, ಅಮ್ಮನ ಮೊದಲ ಹೆಜ್ಜೆಯ ಗುರುತಿನ ಮೇಲೆ ಬಲವಾಗಿ ಕುಟ್ಟಿದಳು.

ಹೆಜ್ಜೆ ಒಳಗೆ ಬಿತ್ತು. ದಂಟು ಮೊಳದುದ್ದ ಇಳಿಯಿತು. ಎಳೆದಾಗ ಅದರ ತುದಿ ಕೆಂಪಗಿತ್ತು.

ಎಡಿನೇಯಾ ಬಲಕ್ಕೆ ಕುಟ್ಟಿದಳು, ಅಲ್ಲೂ ಇಳಿಯಿತು. ಎಡಕ್ಕೆ ಕುಟ್ಟಿದಳು, ಇನ್ನೂ ಎಡಕ್ಕೆ. ಅಲ್ಲಿ ದಂಟು ಟಕ್ ಎಂದು ನಿಂತಿತು. ಮತ್ತೆ ಕುಟ್ಟಿ, ಮತ್ತೆ ಕುಟ್ಟಿ, ಅಲ್ಲಿಗೆ ಕಾಲಿಟ್ಟಳು. ಅಮ್ಮ ನಿಂತ ಕಡೆಗಲ್ಲ, ಅಮ್ಮನಿಂದ ಓರೆಯಾಗಿ, ತನ್ನ ಕೋಲು ಹೇಳಿದ ಕಡೆಗೆ ಅವಳು ಕುಂಟುತ್ತ ಬಂದಳು. ಜೊವೆಲಿನಾ ಅಂಚಿನಗುಂಟ ಅವಳ ಜೊತೆಜೊತೆಗೇ ಸರಿಯುತ್ತ ಹೋದಳು. ಇಲ್ಲಿಡು, ಅಲ್ಲಿಡು ಎಂಬ ಮಾತು ಬಾಯಿಗೆ ಬಂದರೂ ಹೇಳಲಿಲ್ಲ. ಜೀವಮಾನದಲ್ಲಿ ಮಗಳ ಮುಂದೆ ಅವಳು ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡದ್ದು ಅದೇ ಮೊದಲು.

ಎಡಿನೇಯಾ ಕೊನೆಗೂ ಮರಳಿಗೆ ಬಂದಳು. ಏರಿನ ಮೇಲೆ ಲಿಜಿಯಾ ನೀರಿನ ಡಬ್ಬ ಹೊತ್ತು ಓಡಿ ಬರುತ್ತಿದ್ದುದು ಕಾಣಿಸಿತು. ಬೆನ್ನಿನ ಮೇಲಿದ್ದ ಮಗು ನಿದ್ದೆ ಹೋಗಿತ್ತು. ಎಡಿನೇಯಾಳ ಕಾಲು ಮಂಡಿಯ ಕೆಳಗೆ ಕೆಂಪಗೆ ಸುಲಿದಿತ್ತು. ಅವಳಿಗೆ ನಿಲ್ಲಲಾಗುತ್ತಿರಲಿಲ್ಲ.

"ಮಗೂನ ಕೊಡು, ಕೂತ್ಕೋ" ಎಂದು ಜೊವೆಲಿನಾ ಎರಡೂ ಕೈ ಚಾಚಿದಳು.

ಎಡಿನೇಯಾ ಬಟ್ಟೆಯ ಗಂಟಿಗೆ ಕೈ ಹಾಕಿದಳು, ಬಿಚ್ಚಲಿಲ್ಲ. ದಂಟನ್ನು ಎತ್ತಿ, ಅಮ್ಮ ನಿಂತಿದ್ದ ಮರಳಿನ ಮೇಲೆ, ಅವಳ ಎರಡು ಪಾದಗಳ ನಡುವೆ ಒಂದು ಸಲ ಕುಟ್ಟಿ ನೋಡಿದಳು.

ಜೊವೆಲಿನಾ ಚಾಚಿದ ಕೈಯನ್ನು ಹಾಗೇ ಹಿಡಿದು, ಕದಲದೆ ನಿಂತಳು. ಕಣ್ಣಿಂದ ನೀರು ಇಳಿಯುತ್ತಿತ್ತು.

"ಇನ್ನೊಂದು ಸಲ ಕುಟ್ಟು" ಎಂದಳು.